ಮ್ಯಾಲಿನ ನೀರು

ಮಹಾಬಳೇಶ್ವರ ಅಂದರೆ ಪುಣೆ, ಮುಂಬಯಿಯವರಿಗೆ ಸ್ಟ್ರಾಬೆರಿ, ಕುದುರೆ ಸವಾರಿ, ವೆಣ್ಣಾ ಕೆರೆಯ ದೋಣಿ, ಮದುವೆಯಾದ ಹೊಸತರಲ್ಲಿ ತೆಗೆಸಿಕೊಂಡ ಫೋಟೊ. ಕೃಷ್ಣಾ ದಂಡೆಯ ನಮ್ಮ ಕಡೆಯವರಿಗೆ ಮಾತ್ರ ಅದು ಪತ್ರಿಕೆಯಲ್ಲಿ ಬರುವ ಒಂದು ಅಂಕಿ. ಮಳೆಗಾಲ ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪುಟದಲ್ಲಿ ಒಂದು ಸುದ್ದಿ ತಪ್ಪದೇ ಬರುತ್ತದೆ. ಕೊಯ್ನಾದಲ್ಲಿ ಇಷ್ಟು ಮಿಲಿಮೀಟರ್, ನವಜಾದಲ್ಲಿ ಇಷ್ಟು, ಮಹಾಬಳೇಶ್ವರದಲ್ಲಿ ಇಷ್ಟು. ರಾಜಾಪುರ ಬ್ಯಾರೇಜಿನಿಂದ ಬಿಟ್ಟ ನೀರು ಇಷ್ಟು ಕ್ಯುಸೆಕ್, ಆಲಮಟ್ಟಿಗೆ ಒಳಹರಿವು ಇಷ್ಟು. ನಮ್ಮಪ್ಪ ಪತ್ರಿಕೆ ಕೈಗೆ ಸಿಕ್ಕರೆ ಮೊದಲು ಹುಡುಕುವುದು ಇದನ್ನೇ. ರಾಜಕೀಯ, ಕೊಲೆ, ಕ್ರಿಕೆಟ್ಟು ಎಲ್ಲಾ ಆಮೇಲೆ. ಓದಿ ಮುಗಿಸಿ ಕನ್ನಡಕ ತೆಗೆದು, "ಮ್ಯಾಲ ಭಾಳ ಹೊಡದೈತಿ. ಮೂರ್ನಾಕು ದಿನಕ್ಕ ಇಲ್ಲಿ ಬರತೈತಿ ನೋಡು" ಎಂದು ಅವ್ವನಿಗೆ ಹೇಳುತ್ತಾನೆ. ಅವ್ವ ಹೂಂ ಅನ್ನುತ್ತಾಳೆ. ಅದು ಬರುತ್ತದೆ ಕೂಡ.

ಹೀಗೆ ನಲವತ್ತು ವರ್ಷ ಅಂಕಿಯಾಗಿ ಓದಿದ ಊರನ್ನು ಅಪ್ಪ ಕಣ್ಣಾರೆ ನೋಡಿದ್ದು 2023ರ ಸಂಕ್ರಾಂತಿಯ ದಿನ, ಅದೂ ಬೆಳಗಿನಿಂದ ರಾತ್ರಿಯೊಳಗೆ ಹೋಗಿ ಬರುವ ಒಂದು ದಿನದ ಪ್ರವಾಸದಲ್ಲಿ.

ನಮ್ಮೂರು ಬೀಳಗಿ ತಾಲೂಕಿನದು. ಹೊಳೆಯ ದಂಡೆಗೇ ಇತ್ತು. 'ಇತ್ತು' ಎಂದೇ ಹೇಳಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದಾಗ ನಮ್ಮಪ್ಪ ಸಾಲಿ ಹುಡುಗ. ನೀರು ನಿಂತು ಊರು ಖಾಲಿಯಾಗುವ ಹೊತ್ತಿಗೆ ಅವನ ಮಗನಾದ ನಾನು ಹೈಸ್ಕೂಲು ಮುಗಿಸಿದ್ದೆ. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಇವೆಲ್ಲ ಇತಿಹಾಸದ ತಾರೀಕುಗಳು. ನಮ್ಮ ಮನೆಯಲ್ಲಿ ಕಾಲ ಎಣಿಸುವುದು ಬೇರೆ ರೀತಿ. "ಮುಳುಗಡಿ ಮೊದಲ", "ಮುಳುಗಡಿ ಆದ ಮ್ಯಾಲ", ಇಷ್ಟೇ. ಅಕ್ಕನ ಮದುವೆ ಮುಳುಗಡೆಗೆ ಮೊದಲು, ಅಜ್ಜ ತೀರಿದ್ದು ಮುಳುಗಡೆ ಆದ ಮೇಲೆ.

ದಂಡೆಯ ನಾಲ್ಕೂವರೆ ಎಕರೆ ಎರೆ ಹೊಲ ಹೋಯಿತು. ಬಂದ ಪರಿಹಾರದ ಹಣದಲ್ಲಿ ಒಂದು ಪಾಲು ಪುನರ್ವಸತಿ ಕೇಂದ್ರದ ಮನೆಗೆ, ಒಂದು ಪಾಲು ನನ್ನ ಇಂಜಿನಿಯರಿಂಗ್ ಫೀಜಿಗೆ. ಓದಿ ಮುಗಿಸಿದವನು ಕೆಲಸ ಹುಡುಕಿ ಪುಣೆಗೆ ಬಂದೆ. ಬಿಳಿಜೋಳ ಬೆಳೆಯುತ್ತಿದ್ದ ಹೊಲ ಹೀಗೆ ಪುಣೆಯ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟಾಯಿತು ಎನ್ನಿ.

ಪುಣೆಯಲ್ಲಿ ನಮ್ಮ ಕಡೆಯವರಿಗೇನೂ ಕೊರತೆಯಿಲ್ಲ. ಕಟ್ಟಡ ಕಟ್ಟುವ ಕಡೆ ಹೋಗಿ ನಿಂತರೆ ವಿಜಯಪುರ, ಕಲಬುರಗಿ, ಯಾದಗಿರಿಯ ಮಾತು ಕಿವಿಗೆ ಬೀಳುತ್ತದೆ. ಆಫೀಸಿನಲ್ಲೂ ನಾಲ್ಕು ಮಂದಿ ಇದ್ದೇವೆ. ಪಕ್ಕದ ಮೇಜಿನವನು ಸಾಂಗಲಿಯವ. ಜುಲೈ, ಆಗಸ್ಟಿನಲ್ಲಿ ನಮ್ಮಿಬ್ಬರಿಗೆ ಜಗಳ ಗ್ಯಾರಂಟಿ. ಸಾಂಗಲಿಯಲ್ಲಿ ಹೊಳೆ ಏರಿದರೆ ಅವನ ಪ್ರಕಾರ ಅದಕ್ಕೆ ಆಲಮಟ್ಟಿಯ ಹಿನ್ನೀರೇ ಕಾರಣ. ನಮ್ಮ ಕಡೆ ಹೊಳೆ ಏರಿದರೆ ನನ್ನ ಪ್ರಕಾರ ಕೊಯ್ನಾದ ಗೇಟೇ ಕಾರಣ. 2005ರಿಂದ ಈ ವಾದ ಎರಡೂ ಕಡೆ ನಡೆದೇ ಇದೆ, 2019ರ ಮಹಾಪೂರದಲ್ಲಂತೂ ತಾರಕಕ್ಕೇರಿತ್ತು. ಜಗಳ ಮುಗಿದ ಮೇಲೆ ಇಬ್ಬರೂ ಕೂಡಿ ಚಹಾ ಕುಡಿದು ಅವರವರ ಊರಿಗೆ ಫೋನ್ ಮಾಡುತ್ತೇವೆ. ಇಬ್ಬರ ಅವ್ವಂದಿರೂ ಹೇಳುವುದು ಒಂದೇ: "ನೀರು ಅಂಗಳದತನಕ ಬಂದಿಲ್ಲ, ನೀ ಕಾಳಜಿ ಮಾಡಬ್ಯಾಡ."

ಅಪ್ಪ, ಅವ್ವ ಪುಣೆಗೆ ಬಂದರೆ ಮೊದಲ ಎರಡು ದಿನ ಸುಖ. ಮೂರನೇ ದಿನ ಅಪ್ಪನಿಗೆ ಚಡಪಡಿಕೆ ಶುರುವಾಗುತ್ತದೆ. ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. ಎದುರಿಗೆ ಇನ್ನೊಂದು ಬಾಲ್ಕನಿ, ಅದರಲ್ಲಿ ಒಣಹಾಕಿದ ಬಟ್ಟೆ. ಒಳಗೆ ಬರುತ್ತಾನೆ. ಲಿಫ್ಟಿನಲ್ಲಿ ಕೆಳಗಿಳಿದು ವಾಚ್‌ಮನ್ ಹತ್ತಿರ ಕೂತು ತನ್ನ ಮೋಡಕಾ ಮರಾಠಿಯಲ್ಲಿ ಮಾತಾಡಿ ಮತ್ತೆ ಮೇಲೆ ಬರುತ್ತಾನೆ. ಅವ್ವ ಹಾಗಲ್ಲ. ನಾಲ್ಕು ದಿನದೊಳಗೆ ಮಹಡಿಯ ನಾಲ್ಕೂ ಮನೆಯವರ ಅಡಿಗೆ, ಮಕ್ಕಳು, ಮೊಣಕಾಲು ನೋವು ಎಲ್ಲದರ ವರದಿ ಅವಳ ಹತ್ತಿರ ಇರುತ್ತದೆ. ಭಾಷೆ ಬರುವುದಿಲ್ಲವಲ್ಲ ಎಂದು ಕೇಳಿದರೆ, "ಬ್ಯಾನಿಗೇನು ಭಾಷಾ ಐತೇನು?" ಅನ್ನುತ್ತಾಳೆ.

ಆ ಸಲ ಅವರು ಬಂದದ್ದು ಅವ್ವನ ಕಣ್ಣಿನ ಪೊರೆ ತೆಗೆಸಲು. ನವೆಂಬರಿನಲ್ಲಿ ಬಂದವರು, ಸಂಕ್ರಾಂತಿಯ ಹೊತ್ತಿಗೆ ಎರಡೂ ಕಣ್ಣು ಮುಗಿದಿದ್ದವು. ನನಗೂ ಹೆಂಡತಿಗೂ ಮನಸ್ಸಿನಲ್ಲಿ ಇನ್ನೊಂದು ವಿಚಾರ ಇತ್ತು. ಅಪ್ಪನಿಗೆ ಎಪ್ಪತ್ತು ದಾಟಿದೆ. ಅಲ್ಲಿ ಇಬ್ಬರೇ. ರಾತ್ರಿ ಎದೆ ನೋವು ಬಂದರೆ ಬಾಗಲಕೋಟೆಗೆ ಕರೆದೊಯ್ಯಲು ಪಕ್ಕದ ಮನೆಯವರ ಗಾಡಿಯೇ ಗತಿ. ಇನ್ನು ಇಲ್ಲೇ ಇದ್ದುಬಿಡಲಿ, ಅಲ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟರಾಯಿತು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಕೇಳುವುದು ಹೇಗೆ ಎಂದು ಗೊತ್ತಾಗದೆ ಎರಡು ತಿಂಗಳು ಕಳೆದಿದ್ದವು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಕಡೆ ಸಂಕ್ರಾಂತಿಗೆ ಹೊಳೆಯ ಸ್ನಾನ ತಪ್ಪಿಸುವಂತಿಲ್ಲ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಕೃಷ್ಣೆಯಲ್ಲಿ ಮುಳುಗೆದ್ದು, ದಂಡೆಯಲ್ಲೇ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಉಣ್ಣಬೇಕು. ದೂರದವರು ಕೂಡಲಸಂಗಮಕ್ಕೆ ಹೋಗುತ್ತಾರೆ. ಅವ್ವ ನಾಲ್ಕು ದಿನ ಮೊದಲೇ, "ಈ ಸಲ ಬಕೀಟಿನ್ಯಾಗ ಸಂಕ್ರಾಂತಿ" ಎಂದು ಸಪ್ಪಗಾಗಿದ್ದಳು. ಆಗ ನನಗೆ ಹೊಳೆದದ್ದು ಇದು. ಹಬ್ಬ ಭಾನುವಾರವೇ ಬಂದಿತ್ತು. ಹೊಳೆ ಹುಟ್ಟುವ ಗುಡ್ಡ ನಮ್ಮ ಮನೆಯಿಂದ ನೂರಿಪ್ಪತ್ತು ಕಿಲೋಮೀಟರ್. "ಅವ್ವಾ, ಹೊಳಿಗೇ ಹೋಗೋಣು ನಡಿ. ಬುಡಕ್ಕೇ ಹೋಗೋಣು" ಎಂದೆ. ಅಪ್ಪ ಪತ್ರಿಕೆಯಿಂದ ತಲೆ ಎತ್ತಿದ. "ಮಹಾಬಳೇಶ್ವರಕ್ಕೇನು?" ಎಂದು ಎರಡು ಸಲ ಕೇಳಿದ.

ಬೆಳಗಿನ ನಾಲ್ಕೂವರೆಗೆ ಹೊರಟೆವು. ಡಿಕ್ಕಿಯಲ್ಲಿ ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಮೊಸರು, ಅವ್ವ ಅರೆದಿಟ್ಟ ಎಳ್ಳು. ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ, ನಡುವೆ ನಿದ್ದೆಯಲ್ಲೇ ಇದ್ದ ನನ್ನ ಒಂಬತ್ತು ವರ್ಷದ ಮಗ. ಕಾತ್ರಜ್ ಬೋಗದೆ ದಾಟಿದ್ದೇ ತಣ್ಣಗಿನ ಗಾಳಿ. ಶಿರವಳದಲ್ಲಿ ನೀರಾ ನದಿಯ ಸೇತುವೆ ಬಂದಾಗ ಅಪ್ಪ ಕತ್ತಲಲ್ಲೇ ಕೇಳಿದ, "ಇದ್ಯಾವ ಹೊಳಿ?"

"ನೀರಾ. ಭೀಮಾಕ್ಕ ಕೂಡತೈತಿ."

"ಪುಣಾದ್ದು?"

"ಮುಳಾ, ಮುಠಾ. ಅವೂ ಭೀಮಾಕ್ಕ. ಭೀಮಾ ಹೋಗಿ ಕೃಷ್ಣಾಕ್ಕ."

ಅವ್ವ ನಡುವೆ ಬಾಯಿ ಹಾಕಿದಳು. "ಅಂದ್ರ ಇವರು ಬಚ್ಚಲಕ್ಕ ಬಿಟ್ಟದ್ದೂ ನಮ್ಮೂರಿಗೆ ಬರತೈತೇನು?" ಅಪ್ಪ ಗಂಭೀರವಾಗಿ ತಿದ್ದಿದ. "ನಮ್ಮೂರಿಗೆ ಬರಂಗಿಲ್ಲ. ಭೀಮಾ ಕೂಡೂದು ರಾಯಚೂರ ಕಡೆ, ನಮಗಿಂತ ಭಾಳ ಕೆಳಗ." ಹತ್ತನೇ ಇಯತ್ತೆ ಮುಗಿಸದ ಅಪ್ಪನ ತಲೆಯಲ್ಲಿ ಹೊಳೆಗಳ ನಕಾಶೆ ಗೆರೆ ತಪ್ಪದಂತೆ ಇತ್ತು. ನಾನು ಪುಣೆಯಲ್ಲಿ ಇಷ್ಟು ವರ್ಷ ಇದ್ದು ಮನೆಯ ನಲ್ಲಿಯ ನೀರು ಖಡಕವಾಸಲಾದ್ದು ಎನ್ನುವುದಷ್ಟೇ ತಿಳಿದಿದ್ದೆ. ಅಲ್ಲಿಂದ ಆಚೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದು ಆವತ್ತೇ. ಪುಣೆಗೆ ದುಡಿಯಲು ಬಂದ ವಿಜಯಪುರ, ಕಲಬುರಗಿಯವರೆಲ್ಲ ತಮ್ಮೂರ ನೀರಿನ ದಾರಿಯನ್ನೇ ಹಿಡಿದು ಮೇಲೇರಿ ಬಂದವರು. ನೀರು ಅತ್ತ ಇಳಿಯುತ್ತದೆ, ಮಂದಿ ಇತ್ತ ಏರುತ್ತಾರೆ.

ಖಂಬಾಟಕಿ ಘಾಟು ಏರಿ ಇಳಿದು ಸುರೂರಿನಲ್ಲಿ ಬಲಕ್ಕೆ ತಿರುಗಿ ವಾಯಿ ಮುಟ್ಟಿದಾಗ ಆಗಷ್ಟೇ ಬೆಳಕು ಹರಿದಿತ್ತು. ವಾಯಿಯಲ್ಲಿ ಕೃಷ್ಣೆಗೆ ಉದ್ದಕ್ಕೂ ಕಲ್ಲಿನ ಮೆಟ್ಟಿಲ ಘಾಟುಗಳು. ಚಳಿಗೆ ನೀರಿನ ಮೇಲೆ ಹಬೆ ಆಡುತ್ತಿತ್ತು. ಅವ್ವ ಎಳ್ಳಿನ ಡಬ್ಬಿ ತೆಗೆದು ನನ್ನ ಹೆಂಡತಿಯನ್ನು ಕರೆದುಕೊಂಡು ಹೆಂಗಸರಿದ್ದ ಕಡೆ ಇಳಿದಳು. ಮೂರು ಮುಳುಗು ಹಾಕಿದಳು. ಅಪ್ಪ ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು, ನಿಂತು ಆಚೆ ದಂಡೆ ನೋಡಿದ. "ಇಲ್ಲೇ ಐತಲ್ಲೊ ಆಚಿ ದಂಡಿ!" ಅಂದ. ನಮ್ಮಲ್ಲಿ ಈಗ ಆಚೆ ದಂಡೆ ಕಾಣಬೇಕೆಂದರೆ ಹವೆ ತಿಳಿಯಾಗಿರಬೇಕು. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಬಸ್ಸು ಹೋಗುತ್ತಲೇ ಇರುತ್ತದೆ, ನೀರು ಮುಗಿಯುವುದೇ ಇಲ್ಲ. ಅಪ್ಪನಿಗೆ ತನ್ನ ಬಾಲ್ಯದ ಹೊಳೆ ವಾಯಿಯಲ್ಲಿ ಸಿಕ್ಕಿತ್ತು. ಈಜಿ ದಾಟಬಹುದಾದ ಹೊಳೆ, ಆಚೆ ದಂಡೆಯವನನ್ನು ಹೆಸರು ಹಿಡಿದು ಕೂಗಬಹುದಾದ ಹೊಳೆ.

ಅಲ್ಲೇ ದಂಡೆಗೆ ಢೋಲ್ಯಾ ಗಣಪತಿಯ ಗುಡಿ. 1762ರಲ್ಲಿ ರಾಸ್ತೆ ಮನೆತನದವರು ಕಟ್ಟಿಸಿದ್ದು. ಒಳಗೆ ಆಳೆತ್ತರಕ್ಕೂ ಮೀರಿದ ದೊಡ್ಡ ಹೊಟ್ಟೆಯ ಗಣಪ. ಎಲ್ಲರೂ ಗಣಪತಿ ನೋಡುತ್ತಿದ್ದರೆ ಅಪ್ಪ ಗುಡಿಯ ಹಿಂದೆ ಹೋಗಿದ್ದ. ಬಂದು ನನ್ನನ್ನೂ ಕರೆದೊಯ್ದು ತೋರಿಸಿದ. ಹಿಂದಿನ ಗೋಡೆ ಮೀನಿನ ಮೈಯಂತೆ ಚೂಪಾಗಿತ್ತು. ಮಹಾಪೂರ ಬಂದರೆ ನೀರು ಎರಡು ಪಾಲಾಗಿ ಆಚೀಚೆ ಸರಿದು ಹೋಗಲಿ ಎಂದು ಹಾಗೆ ಕಟ್ಟಿದ್ದು. ಅಪ್ಪ ಆ ಕಲ್ಲಿನ ಮೇಲೆ ಕೈ ಆಡಿಸಿ, "ಕಟ್ಟಿದಾವ ಹೊಳೀನ ತಿಳಕೊಂಡಾವ" ಅಂದ. ಆ ದಿನ ಅವನು ಯಾರನ್ನಾದರೂ ಹೊಗಳಿದ್ದಿದ್ದರೆ ಅದು ಆ ಗೋಡೆ ಕಟ್ಟಿದವನನ್ನು.

ವಾಯಿ ಬಿಟ್ಟರೆ ಪಸರಣಿ ಘಾಟು. ತಿರುವಿನ ಮೇಲೆ ತಿರುವು. ಅವ್ವ ಮೂಗಿಗೆ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿ ಕೂತಳು. ಹೊಸ ಕಣ್ಣಿನಿಂದ ನೋಡಬೇಕಾದದ್ದನ್ನೆಲ್ಲ ಮುಚ್ಚಿದ ಕಣ್ಣಿನಿಂದ ಕಳೆದಳು ಎಂದು ನನ್ನ ಹೆಂಡತಿ ನಗಿಸಿದಳು. ಮಗನಿಗೆ ಎಚ್ಚರವಾಗಿ, "ಅಜ್ಜಾ, ಬಘ, ಎಷ್ಟು ಖಾಲಿ ಐತಿ!" ಎಂದು ಕೂಗಿದ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಅಜ್ಜ ಕೆಳಗೆ ನೋಡಿ, "ಖಾಲಿ ಎಲ್ಲೈತೊ, ಮನಿ ಕಾಣತಾವಲ್ಲ" ಅಂದ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸರಿಯಾಗಿಯೇ ಹೇಳಿದ್ದರು.

ಪಂಚಗಣಿ ದಾಟಿದ ಮೇಲೆ ಪಾರ್ಸಿ ಪಾಯಿಂಟ್ ಎಂಬ ಜಾಗ. ಗಾಡಿ ನಿಲ್ಲಿಸಿ ಕಟ್ಟೆಯ ಹತ್ತಿರ ಹೋದರೆ ಕೆಳಗೆ ಕೃಷ್ಣೆಯ ಕಣಿವೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗುಡ್ಡಗಳ ನಡುವೆ ನೀಲಿ ನೀರು ಬೆರಳು ಬೆರಳಾಗಿ ಒಳಗೆ ಚಾಚಿರುತ್ತದೆ. ಮಂದಿ ಬೆನ್ನು ತಿರುಗಿಸಿ ನಿಂತು ಆ ನೀರಿನೊಂದಿಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಹಳ ಚಂದ ಇದೆ ಎಂದು ನನ್ನ ಹೆಂಡತಿಯೂ ಅಂದಳು. ಚಂದವೇ. ಅಪ್ಪ ಮಾತ್ರ ಒಂದು ನೋಟಕ್ಕೇ, "ಇದು ಹೊಳಿ ಅಲ್ಲ. ಹಿನ್ನೀರು" ಅಂದ.

ಹೌದು, ಅದು ವಾಯಿಯ ಮೇಲಿರುವ ಧೋಮ್ ಅಣೆಕಟ್ಟಿನ ಹಿನ್ನೀರು. ದುರ್ಬೀನು ಇಟ್ಟುಕೊಂಡು ನಿಂತಿದ್ದ ಹುಡುಗ ದುಡ್ಡು ತೆಗೆದುಕೊಂಡು ಅಣೆಕಟ್ಟಿನ ಗೋಡೆ, ಗುಡಿ, ಹಳ್ಳಿ ಎಲ್ಲ ತೋರಿಸುತ್ತಿದ್ದ. ಅಪ್ಪನೂ ಬಾಗಿ ಕಣ್ಣಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಆ ಹುಡುಗನನ್ನೇ ತನ್ನ ಮರಾಠಿಯಲ್ಲಿ ಕೇಳಿದ, ಇದರ ತಳದಲ್ಲಿ ಎಷ್ಟು ಊರು ಇವೆ ಎಂದು. ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ತಳದಲ್ಲಲ್ಲ ಅಜ್ಜಾ, ದಂಡೆಯಲ್ಲಿ ಇವೆ ಎಂದು ಮತ್ತೆ ಹಳ್ಳಿಗಳ ಕಡೆ ಬೆರಳು ಮಾಡಿದ. ಅಪ್ಪ ಅವನ ತಲೆ ಸವರಿ ಈಚೆ ಬಂದ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ಗುಡಿಯ ಕಟ್ಟೆ, ಕೆಲವು ಮನೆಗಳ ಬುನಾದಿ ಮೇಲೆ ಬರುತ್ತವೆ. ಅಪ್ಪ ಪ್ರತಿ ಬೇಸಿಗೆಗೆ ಹೋಗಿ ನೋಡಿ ಬರುತ್ತಾನೆ. ನಮ್ಮ ಮನೆಯ ಬುನಾದಿ ಮೇಲೆ ಒಂದು ಹೊತ್ತು ಕೂತು ಎಲೆ ಅಡಿಕೆ ಹಾಕಿಕೊಂಡು ಬರುವುದು ಅವನ ವಾರ್ಷಿಕ ಜಾತ್ರೆ.

ಪೇಟೆಯ ಮಹಾಬಳೇಶ್ವರದಲ್ಲಿ ನಾವು ಇಳಿಯಲೇ ಇಲ್ಲ. ಹಬ್ಬ, ಭಾನುವಾರ ಎರಡೂ ಸೇರಿ ಗಾಡಿಗಳ ಸಾಲು. ಅಲ್ಲಿಂದ ಐದಾರು ಕಿಲೋಮೀಟರ್ ಆಚೆ ಹಳೆಯ ಮಹಾಬಳೇಶ್ವರ, ಕ್ಷೇತ್ರ ಅನ್ನುತ್ತಾರೆ. 1,300 ಮೀಟರಿಗೂ ಮೇಲೆ. ಅಲ್ಲಿ ಪಂಚಗಂಗೆಯ ಗುಡಿ. ಕೃಷ್ಣಾ, ವೆಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ, ಐದೂ ಇಲ್ಲಿ ಹುಟ್ಟುತ್ತವೆ ಎಂಬ ನಂಬಿಕೆ. ಬೇರೆ ಬೇರೆ ಕಿಂಡಿಗಳಲ್ಲಿ ಬಂದ ನೀರು ಕೂಡಿ ಕಲ್ಲಿನ ಗೋಮುಖದಿಂದ ಹೊಂಡಕ್ಕೆ ಬೀಳುತ್ತದೆ. ವೆಣ್ಣಾ ಸಾತಾರಾದ ಹತ್ತಿರ ಮಾಹುಲಿಯಲ್ಲಿ, ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಮತ್ತೆ ಕೂಡುತ್ತವೆ. ಸಾವಿತ್ರಿ ಪಶ್ಚಿಮಕ್ಕೆ ಇಳಿದು ಕೊಂಕಣ ದಾಟಿ ಅರಬ್ಬಿ ಸಮುದ್ರ ಸೇರುತ್ತಾಳೆ. ಕೃಷ್ಣೆ ಹುಟ್ಟುವ ಜಾಗದಿಂದ ಆ ಸಮುದ್ರ ಬರೀ ಅರವತ್ತು ಚಿಲ್ಲರೆ ಕಿಲೋಮೀಟರ್. ಆದರೂ ಆಕೆ ಅದಕ್ಕೆ ಬೆನ್ನು ತಿರುಗಿಸಿ ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಇದನ್ನು ಹೇಳಿದಾಗ ಅವ್ವ, "ಹತ್ರದ ಮನಿ ಬಿಟ್ಟು ದೂರದ ಮನಿಗೆ ನಡದಾಳ. ನಮ್ಮ ಕಡೆ ಭಾಗ್ಯ" ಎಂದು ಕೈ ಮುಗಿದಳು.

ಗುಡಿಯಲ್ಲಿ ನೂಕುನುಗ್ಗಲು. ಅದರ ನಡುವೆಯೇ ಅವ್ವನಿಗೆ ಕನ್ನಡ ಕೇಳಿಸಿತು. ಅಥಣಿ ತಾಲೂಕಿನಿಂದ ಕ್ರೂಸರ್ ಗಾಡಿಯಲ್ಲಿ ಬಂದ ಹೆಂಗಸರು. ಕುಸುರೆಳ್ಳು ಕೊಡುವುದು, ತೆಗೆದುಕೊಳ್ಳುವುದು ಆಯಿತು.

"ಯಾವೂರ್ರೀ ಯಕ್ಕಾ ನಿಮ್ದು?"

ಅವ್ವ ಊರ ಹೆಸರು ಹೇಳಿದಳು.

"ಎಲ್ಲಿ ಬರತೈತ್ರಿ ಅದು?"

"ಬೀಳಗಿ ತಾಲೂಕ್ರಿ. ಈಗ ನೀರಾಗ ಐತ್ರಿ."

ಆ ಹೆಂಗಸು ಆಶ್ಚರ್ಯಪಡಲಿಲ್ಲ. "ನಮ್ದೂ ಹತ್ತೊಂಬತ್ತರ ಸಾಲಿನ್ಯಾಗ ಹಂಗ ಆಗಿತ್ರಿ. ಎಂಟು ದಿನ ಸಾಲ್ಯಾಗ ಮಲಗಿದ್ವಿ. ನಮ್ದು ಇಳೀತ್ರಿ, ನಿಮ್ದು ಇಳೀಲಿಲ್ಲ, ಅಷ್ಟ" ಅಂದಳು. ಇಬ್ಬರೂ ಅದೇ ಗೋಮುಖದ ನೀರನ್ನು ತಲೆಗೆ ಹಚ್ಚಿಕೊಂಡರು. ಮಗ ನನ್ನ ಅಂಗಿ ಜಗ್ಗಿ, ಇವರೆಲ್ಲ ನಮಗೆ ಸಂಬಂಧವೇನು ಎಂದು ಕೇಳಿದ. "ಹೊಳಿ ಸಂಬಂಧ" ಎಂದು ಅಪ್ಪನೇ ಉತ್ತರ ಕೊಟ್ಟ.

ಪಂಚಗಂಗೆಯ ಗುಡಿಯಿಂದ ಸ್ವಲ್ಪ ನಡೆದರೆ ಕೃಷ್ಣಾಬಾಯಿಯ ಗುಡಿ. ಕಪ್ಪು ಕಲ್ಲಿನದು, ಹಳೆಯದು, ಪಾಚಿ ಹಿಡಿದದ್ದು. ಅಲ್ಲಿಗೆ ಮಂದಿ ಕಡಿಮೆ. ಗುಡಿಯ ಮುಂದೆ ಒಂದು ಗೋಮುಖ, ಒಂದು ಚೌಕ ಹೊಂಡ, ಅದರಾಚೆ ಇಳಿಜಾರು, ಕೆಳಗೆ ದೂರಕ್ಕೆ ಕಣಿವೆ. ಆ ಗೋಮುಖದ ನೀರು ನೋಡಿ ಅಪ್ಪ, "ಇಷ್ಟ ಏನು?" ಅಂದ. ಅವ್ವನ ಕೈಯಿಂದ ಒಂದು ಲೀಟರಿನ ಬಾಟಲಿ ತೆಗೆದುಕೊಂಡು ಧಾರೆಗೆ ಹಿಡಿದು ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ನಾಲ್ಕಕ್ಕೆ ತುಂಬಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲೀಟರಿಗಿಂತ ತುಸು ಹೆಚ್ಚು. ಈ ಲೆಕ್ಕ ಅಪ್ಪನ ನಾಲಿಗೆ ತುದಿಯಲ್ಲೇ ಇರುತ್ತದೆ. "ಕ್ಯುಸೆಕ್ಕಿನಾಗ ನೂರನೇ ಪಾಲೂ ಆಗಂಗಿಲ್ಲ ತಮ್ಮಾ!" ಎಂದು ಮಗುವಿನಂತೆ ನಕ್ಕ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯುಸೆಕ್ಕಿಗೂ ಮೇಲೆ ನೀರು ಬಿಟ್ಟಿದ್ದರು. ಆ ಅಂಕಿಯನ್ನು ಓದಿದವನು ಈಗ ಅದರ ಬುಡವನ್ನು ಬಾಟಲಿಯಲ್ಲಿ ಅಳೆಯುತ್ತಿದ್ದ. ಹೊಳೆಯನ್ನು ದೊಡ್ಡದು ಮಾಡುವುದು ಈ ಧಾರೆಯಲ್ಲ, ಮಳೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಮೀರಿ ಸುರಿಯುತ್ತದೆ. ನಮ್ಮ ಬಾಗಲಕೋಟೆ ಕಡೆ ಆರು ನೂರು ಬಿದ್ದರೆ ಆ ವರ್ಷ ಸುಗ್ಗಿ.

ಕಟ್ಟೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಊಟ ಆದ ಮೇಲೆ ಹೆಂಡತಿ ನನ್ನ ಕಡೆ ನೋಡಿದಳು. ಕೇಳು ಎಂದು ಅರ್ಥ. ಕೇಳಿದೆ. ಮನೆ, ವಯಸ್ಸು, ದವಾಖಾನೆ, ಮೊಮ್ಮಗ, ಎಲ್ಲಾ ಸೇರಿಸಿ ಕೇಳಿದೆ. "ಇನ್ನ ಇಲ್ಲೇ ಇದ್ದುಬಿಡ್ರಿ ಇಬ್ಬರೂ."

ಅಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಮುಗಿಸಿ, ಕೈ ತೊಳೆದುಕೊಂಡು ಬಂದು ಕೂತ.

"ನಿಮ್ಮವ್ವನ್ನ ಕೇಳು ಮೊದಲ."

ಅವ್ವ ತಡಮಾಡಲಿಲ್ಲ. "ನಂಗ ಇಲ್ಲಿ ಚಲೋ ಅನಸತೈತಿ. ಹುಡುಗ ಐತಿ, ನೀವದೀರಿ. ಆದ್ರ ಇವರನ್ನ ಅಲ್ಲಿ ಬಿಟ್ಟು ನಾ ಹ್ಯಾಂಗ ಇರಲಿ?" ಅಂದಳು. ಇಪ್ಪತ್ತು ವರ್ಷದಲ್ಲಿ ಅವ್ವ ತನಗೆ ಪುಣೆ ಹಿಡಿಸಿದೆ ಎಂದು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಅಪ್ಪನೂ ಮೊದಲ ಸಲವೇ ಕೇಳಿದನೇನೊ, ಅವಳ ಕಡೆ ತಿರುಗಿ ನೋಡಿದ.

ಆಮೇಲೆ ನಿಧಾನಕ್ಕೆ ಹೇಳಿದ. "ಮುಳುಗಡಿ ಆದಾಗ ಎಲ್ಲಾರೂ ಹೇಳಿದ್ರು. ದೂರ ಹೋಗು, ಅಲ್ಲಿ ಹೊಲ ಅಗ್ಗ ಐತಿ ಅಂದ್ರು. ನಾ ಹೋಗಲಿಲ್ಲ. ನೀರು ಕಾಣೂವಷ್ಟು ದೂರದಾಗ ಇರಬೇಕಂತ ಇದ್ದೆ. ಹೊಲ ನೀರಾಗೈತಿ ಅಂದ್ರ ಅದು ಎಲ್ಲೂ ಹೋಗಿಲ್ಲಲ್ಲ, ಅಲ್ಲೇ ಐತಿ. ನಿನ್ನ ಸಾಲಿ ಅದರಾಗ ಆತು, ನಂಗ ಅದರ ಮ್ಯಾಲ ಸಿಟ್ಟಿಲ್ಲ. ಆದ್ರ ಒಮ್ಮೆ ಊರು ಬಿಟ್ಟಾವ ಇನ್ನೊಮ್ಮೆ ಬಿಡೂದು ಭಾಳ ಕಷ್ಟ ತಮ್ಮಾ."

ನಾನು ಏನೂ ಅನ್ನಲಿಲ್ಲ. 2010ರಲ್ಲಿ ನ್ಯಾಯಮಂಡಳಿ ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಬಹುದು ಎಂದು ತೀರ್ಪು ಕೊಟ್ಟಿದೆ. ಇನ್ನೂ ಏರಿಸಿಲ್ಲ. ಏರಿಸಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನಮ್ಮ ಕಡೆ ಹುಡುಗರು ಕೂಡ ಬೆರಳಿಟ್ಟು ತೋರಿಸುತ್ತಾರೆ. ಇನ್ನೊಮ್ಮೆ ಬಿಡುವುದು ಎನ್ನುವ ಮಾತು ನಮ್ಮ ಮನೆಯಲ್ಲಿ ಬರೀ ಮಾತಲ್ಲ.

ಒಂದಷ್ಟು ಹೊತ್ತು ಗೋಮುಖದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪನೇ ಮತ್ತೆ ಬಾಯಿ ತೆಗೆದ. "ಹಿಂಗ ಮಾಡೋಣು. ದೀಪಾವಳಿ ಮುಗಿಸಿ ಬರತೀವಿ, ಶಿವರಾತ್ರಿತನಕ ಇರತೀವಿ. ವರ್ಷಾ ಬರತೀವಿ. ಬ್ಯಾಸಗಿಗೆ ಮನಿ ಬುನಾದಿ ಮ್ಯಾಲ ಬಂದಾಗ ನಾ ಅಲ್ಲಿರಬೇಕು. ಮಳಿಗಾಲಕ್ಕ ನೀರು ಬರೂವಾಗಂತೂ ಇರಲೇಬೇಕು." ನೀರು ಬಂದರೆ ನೀನೇನು ಮಾಡುತ್ತೀ ಎಂದು ಮಗ ಕೇಳಿದ. "ಏನೂ ಮಾಡಂಗಿಲ್ಲೊ. ನೋಡತೀನಿ" ಅಂದ ಅಜ್ಜ. ಅವ್ವ ಲೆಕ್ಕ ಹಾಕಿ ನಾಲ್ಕು ತಿಂಗಳು ಎಂದು ಬೆರಳು ಮಡಚಿದಳು. ಅವಳ ಮುಖದಲ್ಲಿ ಸಮಾಧಾನವಿತ್ತು. ನಾವು ಕೇಳಿದ್ದು ಹನ್ನೆರಡು, ಸಿಕ್ಕಿದ್ದು ನಾಲ್ಕು. ಊರಲ್ಲಿ ಎಮ್ಮೆ ವ್ಯಾಪಾರದಲ್ಲೂ ಅಪ್ಪ ಹೀಗೇ.

ಹೊರಡುವಾಗ ಅವ್ವ ಇನ್ನೊಂದು ಬಾಟಲಿಯಲ್ಲಿ ನೀರು ತುಂಬಿಸಿಕೊಂಡಳು. ಊರಿಗೆ ಹೋದ ಮೇಲೆ ಹಳೆಯ ಊರಿನ ಹತ್ತಿರ ಹಿನ್ನೀರಿಗೆ ಬಿಡಬೇಕಂತೆ. ಅಪ್ಪ ನಕ್ಕ. "ಹುಚ್ಚಿ, ಅದು ತಾನಾ ಬರತೈತಿ. ನೀ ಯಾಕ ಹೊರತಿ?"

"ತಾನಾ ಬರೂದು ಬ್ಯಾರೆ, ನಾವು ಕರಕೊಂಡು ಹೋಗೂದು ಬ್ಯಾರೆ" ಅಂದಳು ಅವ್ವ.

ಇಳಿಯುವಾಗ ದಾರಿಯಲ್ಲಿ ಎರಡು ಬುಟ್ಟಿ ಸ್ಟ್ರಾಬೆರಿ ಕೊಂಡೆವು. ಅಪ್ಪ ಒಂದು ತಿಂದು, "ಹುಳಿ" ಎಂದು ಕೈ ಒರೆಸಿಕೊಂಡ. ಖಂಬಾಟಕಿಯ ಬೋಗದೆ ಬರುವ ಹೊತ್ತಿಗೆ ಹಿಂದಿನ ಸೀಟಿನ ಮೂವರಿಗೂ ನಿದ್ದೆ. ಅವ್ವನ ಮಡಿಲಲ್ಲಿ ಬಾಟಲಿ ಹಾಗೇ ಇತ್ತು.

ಶಿವರಾತ್ರಿ ಮುಗಿಸಿ ಅವರು ಊರಿಗೆ ಹೋದರು. ಅವ್ವ ಬಾಟಲಿಯ ನೀರು ಬಿಟ್ಟಳೆಂದು ಫೋನಿನಲ್ಲಿ ಹೇಳಿದಳು. ಆ ವರ್ಷದ ಜುಲೈನಲ್ಲಿ ಮಳೆ ಹಿಡಿದಾಗ ಒಂದು ಬೆಳಿಗ್ಗೆ, ಚಹಾ ಕುಡಿಯುವ ಮೊದಲೇ, ಮೊಬೈಲಿನಲ್ಲಿ ಮಹಾಬಳೇಶ್ವರದ ಮಳೆ ಎಷ್ಟೆಂದು ಹುಡುಕಿ ಅಪ್ಪನಿಗೆ ಫೋನ್ ಮಾಡಿದೆ. ಪತ್ರಿಕೆ ಅವನಿಗೆ ಇನ್ನೂ ಬಂದಿರಲಿಲ್ಲ. ಅಂಕಿ ಕೇಳಿ, "ಹೌದಾ? ಆ ಗುಡಿ ಮುಂದ ಈಗ ನಿಂದ್ರಾಕ ಆಗಂಗಿಲ್ಲ ಬಿಡು" ಅಂದ. ಮತ್ತೆ ಅವ್ವನ ಕಡೆ ತಿರುಗಿ ಕೂಗಿ ಹೇಳುವುದು ನನಗೆ ಪುಣೆಯಲ್ಲಿ ಕೇಳಿಸಿತು: "ಮ್ಯಾಲ ಚಲೋ ಆಗೈತಂತ. ತಮ್ಮ ಹೇಳಾಕತ್ಯಾನ. ಮೂರ್ನಾಕು ದಿನಕ್ಕ ಇಲ್ಲಿ ಬರತೈತಿ."